ಮುಂದಿನ ಮಾತು, ಹಿಂದಿನ ಲೆಕ್ಕ

ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಫಿಲಿಪ್ ಲೋ 2021ರಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಹೇಳಿದರು: 2024ರವರೆಗೆ ಬಡ್ಡಿ ಏರುವ ಸಂಭವ ಕಾಣುತ್ತಿಲ್ಲ. ಹಣದುಬ್ಬರ ಗುರಿ ಮುಟ್ಟಿ ನಿಲ್ಲುವ ತನಕ ಎಂಬ ಷರತ್ತೂ ಅದಕ್ಕಿತ್ತು. ಜನರ ಕಿವಿಗೆ ಬಿದ್ದದ್ದು ಇಸವಿ ಮಾತ್ರ. ಅದನ್ನು ನಂಬಿ ಮನೆ ಸಾಲ ಮಾಡಿದರು. 2022ರ ಮೇ ತಿಂಗಳಲ್ಲಿ ಶೇ 0.10 ಇದ್ದ ದರ 0.35ಕ್ಕೆ ಏರಿತು, ಆಮೇಲೆ ಏರುತ್ತಲೇ ಹೋಯಿತು. ನವೆಂಬರಿನಲ್ಲಿ ಲೋ ಸಂಸದೀಯ ಸಮಿತಿಯೆದುರು ಕೂತು ಆ ಸಾಲಗಾರರ ಕ್ಷಮೆ ಕೇಳಿದರು.

ಕೇಂದ್ರ ಬ್ಯಾಂಕು ಹೆಚ್ಚು ಮಾತಾಡಿದಷ್ಟೂ ಒಳ್ಳೆಯದು, ಮುಂದಿನ ಹೆಜ್ಜೆ ಮೊದಲೇ ತಿಳಿಸಿದರೆ ಮಾರುಕಟ್ಟೆ ಬೆಚ್ಚುವುದಿಲ್ಲ ಎಂಬುದು ಅರ್ಥಶಾಸ್ತ್ರಜ್ಞರಲ್ಲಿ ಬೇರೂರಿದ ನಂಬಿಕೆ. ಅಳತೆಗೋಲು ಅಮೆರಿಕದ್ದು. 1994ರವರೆಗೆ ಅಲ್ಲಿನ ಫೆಡರಲ್ ರಿಸರ್ವ್ ಸಭೆ ಮುಗಿದರೆ ಏನು ತೀರ್ಮಾನವಾಯಿತೆಂದೂ ಹೇಳುತ್ತಿರಲಿಲ್ಲ. 2012ರಿಂದ ಸದಸ್ಯರ ಬಡ್ಡಿ ಅಂದಾಜುಗಳನ್ನು ಚುಕ್ಕೆಯಿಟ್ಟು ತೋರಿಸುತ್ತಿದೆ. ಈ ಕೋಲಿನಿಂದ ಅಳೆದು ನಮ್ಮ ರಿಸರ್ವ್ ಬ್ಯಾಂಕ್ ಹಿಂದುಳಿದಿದೆ ಎನ್ನುವವರಿದ್ದಾರೆ. ನನ್ನ ತಕರಾರೂ ಇದೆ, ಕಾರಣ ಬೇರೆ.

ಮಾತಿನ ಬಲಕ್ಕೆ ಎಲ್ಲರೂ ಕೊಡುವ ಸಾಕ್ಷಿ ಯುರೋಪಿನ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾಗಿದ್ದ ಮಾರಿಯೊ ದ್ರಾಗಿ. ಯೂರೊ ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಎಂದು 2012ರ ಜುಲೈಯಲ್ಲಿ ಅವರು ಲಂಡನ್ನಿನಲ್ಲಿ ಹೇಳಿದ್ದೇ ತಡ, ಇಟಲಿ, ಸ್ಪೇನ್‌ಗಳ ಸಾಲಪತ್ರದ ಬಡ್ಡಿ ಇಳಿಯತೊಡಗಿತು. ಸೆಪ್ಟೆಂಬರಿನಲ್ಲಿ ಸಾರಿದ ಖರೀದಿ ಯೋಜನೆಯಡಿ ಒಂದು ಪತ್ರವನ್ನೂ ಕೊಳ್ಳಬೇಕಾಗಲಿಲ್ಲ. ಆದರೆ ದ್ರಾಗಿ ಭವಿಷ್ಯ ನುಡಿದಿರಲಿಲ್ಲ. ಯೂರೊ ಸೃಷ್ಟಿಸುವ ಅಧಿಕಾರ ತಮ್ಮ ಕೈಯಲ್ಲಿದೆಯೆಂದು ನೆನಪಿಸಿದ್ದರು. ಮುಂದಿನ ವರ್ಷದ ಬೆಲೆ ಯಾವ ಗವರ್ನರನ ಕೈಯಲ್ಲೂ ಇಲ್ಲ. ಬ್ರಿಟನ್ನಿನಲ್ಲಿ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದ ಮಾರ್ಕ್ ಕಾರ್ನಿ ನಿರುದ್ಯೋಗ ಶೇ 7ಕ್ಕೆ ಇಳಿಯುವವರೆಗೆ ಬಡ್ಡಿ ಏರಿಕೆಯ ಯೋಚನೆಯಿಲ್ಲ ಎಂದದ್ದು 2013ರ ಆಗಸ್ಟಿನಲ್ಲಿ. ನಿರುದ್ಯೋಗ ಭರದಿಂದ ಇಳಿದು, ಆರು ತಿಂಗಳಲ್ಲೇ ಮಾತು ಬದಲಿಸಬೇಕಾಯಿತು. ಸಂಸದರೊಬ್ಬರು ಅವರ ಬ್ಯಾಂಕನ್ನು ನೆಚ್ಚಲಾಗದ ಪ್ರಿಯಕರನಿಗೆ ಹೋಲಿಸಿದರು.

ಅದೇ ಬ್ರಿಟನ್ನಿನಿಂದ ಕಲಿಯಬೇಕಾದ್ದು ಇನ್ನೊಂದಿದೆ. ಹಣದುಬ್ಬರ ಗುರಿಯಿಂದ ಶೇ 1ಕ್ಕಿಂತ ಹೆಚ್ಚು ಆಚೀಚೆಯಾದರೆ ಗವರ್ನರ್ ಹಣಕಾಸು ಸಚಿವರಿಗೆ ಕಾರಣ ಬರೆಯಬೇಕು, ಆ ಪತ್ರ ಬಹಿರಂಗವಾಗಬೇಕು. 2007ರ ಮಾರ್ಚಿನ ಹಣದುಬ್ಬರ ಶೇ 3.1 ಆದಾಗ ಅಂದಿನ ಗವರ್ನರ್ ಮರ್ವಿನ್ ಕಿಂಗ್ ಮೊದಲ ಪತ್ರ ಬರೆದರು. ಯಾರು ಬೇಕಾದರೂ ಓದಬಹುದು.

ನಮ್ಮ ಕಾನೂನಿನಲ್ಲೂ ಅಂಥ ಪತ್ರವಿದೆ. ಸರಾಸರಿ ಹಣದುಬ್ಬರ ಸತತ ಮೂರು ತ್ರೈಮಾಸಿಕ ಶೇ 6 ಮೀರಿದರೆ ರಿಸರ್ವ್ ಬ್ಯಾಂಕ್ ಕೇಂದ್ರ ಸರ್ಕಾರಕ್ಕೆ ಕಾರಣ, ಪರಿಹಾರ, ಗುರಿಗೆ ಮರಳಲು ಬೇಕಾದ ಸಮಯ ಇಷ್ಟನ್ನೂ ತಿಳಿಸಬೇಕು. 2022ರಲ್ಲಿ ಹಾಗೆ ಮೀರಿತು. ನವೆಂಬರ್ 3ರಂದು ಹಣಕಾಸು ನೀತಿ ಸಮಿತಿ ವಿಶೇಷ ಸಭೆ ಸೇರಿತು. ಪತ್ರ ಬಿಡುಗಡೆ ಮಾಡುವ ಅಧಿಕಾರ ತಮಗಿಲ್ಲ ಎಂದರು ಗವರ್ನರ್ ಶಕ್ತಿಕಾಂತ ದಾಸ್. ಸರ್ಕಾರವೂ ಪ್ರಕಟಿಸಲಿಲ್ಲ.

ಹಾಗೆಂದು ಸಮಿತಿ ಗುಟ್ಟಿನದೇನಲ್ಲ. ಹದಿನಾಲ್ಕನೇ ದಿನಕ್ಕೆ ನಡವಳಿ ಹೊರಬರುತ್ತದೆ; ಯಾರು ಯಾವ ಕಡೆ ಮತ ಹಾಕಿದರು, ಏಕೆ, ಎಲ್ಲ ಅದರಲ್ಲಿರುತ್ತದೆ. 2021ರಲ್ಲೇ ಸಮಿತಿಯ ಸದಸ್ಯ ಜಯಂತ್ ವರ್ಮಾ ಬಡ್ಡಿ ಕೆಳಗಿಡುವ ಉದಾರ ನಿಲುವಿಗೆ ಅಸಮ್ಮತಿ ಬರೆದದ್ದನ್ನು ನಾವೆಲ್ಲ ಓದಿದ್ದೇವೆ. ದಾಸ್ ಅವರ ಹೇಳಿಕೆಗಳಲ್ಲಂತೂ ಗಾಂಧೀಜಿಯವರ ನುಡಿಗಳಿಗೂ ಜಾಗವಿತ್ತು.

2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಹೋಯಿತು. ಇಎಂಐ ಏರಿದ ಸಂದೇಶ ಸಾಲಗಾರರ ಮೊಬೈಲಿಗೆ ಬಂತು. ಏಕೆ ಏರಿತೆಂಬ ಪತ್ರ ದೆಹಲಿಗೆ ಹೋಯಿತು.