ಬ್ರಾಹ್ಮಿಯೋ ಗಿಂಕ್ಗೊವೋ: ಒಂದು ಅಸಮ ಹೋಲಿಕೆ

'ಸರ, ಮರವಿಗೆ ಬ್ರಾಹ್ಮಿ ಗುಳಿಗಿ ಚಲೋನೊ, ಗಿಂಕ್ಗೊ ಚಲೋನೊ?' ಸಂತೆಕಲ್ಲೂರಿನಂಥ ಊರಿನಲ್ಲೂ ವಿಜ್ಞಾನದ ಮಾಸ್ತರರು ಎದುರಿಸಬೇಕಾದ ಪ್ರಶ್ನೆ ಇದು. ಸಾಮಾನ್ಯವಾಗಿ ಸಿಗುವ ಉತ್ತರ: ಎರಡೂ ಮಿದುಳಿನ ನರಕೋಶಗಳನ್ನು ಕಾಯುತ್ತವೆ, ವಿದೇಶಿ ಗಿಂಕ್ಗೊ ಪರೀಕ್ಷೆಯಲ್ಲಿ ಸೋತಿದೆ, ಆದ್ದರಿಂದ ನಮ್ಮ ಬ್ರಾಹ್ಮಿಯೇ ಮೇಲು. ಈ ವಾದದ ಎರಡನೆಯ ಮಾತು ನಿಜ. ಕೊನೆಯ ಮಾತು ಅದರಿಂದ ಹೊರಡುವುದಿಲ್ಲ.

ಗಿಂಕ್ಗೊ ಚೀನಾ ಮೂಲದ ಮರ. ಅದರ ಎಲೆಯ ಸಾರ ಪ್ರಯೋಗಾಲಯದಲ್ಲಿ ಉತ್ಕರ್ಷಣ ನಿರೋಧಕವಾಗಿ ವರ್ತಿಸುತ್ತದೆ. ಅಮೆರಿಕದಲ್ಲಿ 75 ಹಾಗೂ ಅದಕ್ಕೂ ಹೆಚ್ಚು ವಯಸ್ಸಿನ 3069 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆರಡು ಬಾರಿ 120 ಮಿಲಿಗ್ರಾಂ ಸಾರ, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟು ಸುಮಾರು 6 ವರ್ಷ ಗಮನಿಸಲಾಯಿತು. ಫಲಿತಾಂಶ ಪ್ರಕಟವಾದದ್ದು 2008ರಲ್ಲಿ. ಗಿಂಕ್ಗೊ ಸೇವಿಸಿದ 1545 ಜನರಲ್ಲಿ 277 ಮಂದಿಗೆ, ಹುಸಿಮಾತ್ರೆಯ 1524 ಜನರಲ್ಲಿ 246 ಮಂದಿಗೆ ಮರೆಗುಳಿತನ (ಡಿಮೆನ್ಷಿಯ) ಕಾಣಿಸಿತು. ಶೇಕಡಾವಾರು ಲೆಕ್ಕವನ್ನು ವಿದ್ಯಾರ್ಥಿಗಳೇ ಹಾಕಿ ನೋಡಲಿ. ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಲ್ಲ, ರಕ್ಷಣೆಯಂತೂ ಇಲ್ಲ. 2012ರಲ್ಲಿ ಪ್ರಕಟವಾದ ಫ್ರಾನ್ಸಿನ 5 ವರ್ಷಗಳ ಅಧ್ಯಯನವೂ ಇದನ್ನೇ ಹೇಳಿತು.

ಬ್ರಾಹ್ಮಿಯ ಕಡೆ ಏನಿದೆ? ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಇದರ ಬಾಕೋಸೈಡ್‌ಗಳ ಮೇಲೆ ದೀರ್ಘಕಾಲ ಒಳ್ಳೆಯ ಕೆಲಸ ನಡೆದಿದೆ. ಮಾನವರ ಮೇಲಿನ ಪ್ರಯೋಗಗಳು ಮಾತ್ರ ಚಿಕ್ಕವು. 2008ರ ಒಂದರಲ್ಲಿ 65 ದಾಟಿದ 54 ಆರೋಗ್ಯವಂತರು, ದಿನಕ್ಕೆ 300 ಮಿಲಿಗ್ರಾಂ, 12 ವಾರ. ಕೇಳಿದ ಪದಗಳನ್ನು ಸ್ವಲ್ಪ ಹೊತ್ತಿನ ನಂತರ ನೆನಪಿಸಿಕೊಳ್ಳುವುದರಲ್ಲಿ ಸುಧಾರಣೆ ಕಂಡಿತು. ಆಸಕ್ತಿಕರವೇ. ಆದರೆ 12 ವಾರದ ಅಂಕ ಬೇರೆ, 6 ವರ್ಷದಲ್ಲಿ ರೋಗ ಬಂತೋ ಇಲ್ಲವೋ ಎಂಬುದು ಬೇರೆ. ಒಬ್ಬ ವಾರ್ಷಿಕ ಪರೀಕ್ಷೆಯಲ್ಲಿ ನಪಾಸಾದವನು. ಇನ್ನೊಬ್ಬ ಕಿರುಪರೀಕ್ಷೆ ಮಾತ್ರ ಬರೆದವನು. ಇಬ್ಬರ ಅಂಕಪಟ್ಟಿಯನ್ನು ಅಕ್ಕಪಕ್ಕ ಇಟ್ಟು ಯಾರು ಜಾಣ ಎಂದು ಹೇಳಲಾದೀತೆ?

ಇನ್ನು 'ಸಸ್ಯ, ಹಾಗಾಗಿ ನಿರಪಾಯ' ಎಂಬ ನಂಬಿಕೆ. ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಆಸ್ಪಿರಿನ್ ಸೇವಿಸುವವರು ಗಿಂಕ್ಗೊ ತೆಗೆದುಕೊಂಡರೆ ರಕ್ತಸ್ರಾವದ ಭಯವಿದೆ. ಬ್ರಾಹ್ಮಿಯಿಂದ ಕೆಲವರಿಗೆ ವಾಕರಿಕೆ, ಹೊಟ್ಟೆನುಲಿತ. ಇದಕ್ಕಿಂತ ದೊಡ್ಡ ನಷ್ಟ ಕಾಲದ್ದು. ಬಿ12 ಕೊರತೆ, ಥೈರಾಯ್ಡ್ ಗ್ರಂಥಿಯ ಮಂದಗತಿ ಇವೂ ಮರೆವು ತರುತ್ತವೆ, ಇವೆರಡಕ್ಕೂ ಚಿಕಿತ್ಸೆಯಿದೆ. ಗುಳಿಗೆ ನುಂಗುತ್ತಾ ಕೂತ ಹಿರಿಯರಿಗೆ ರಕ್ತಪರೀಕ್ಷೆ ತಡವಾಗುತ್ತದೆ.

ಹೆಸರಿನ ಗೊಂದಲವೂ ಕಡಿಮೆಯಲ್ಲ. ಕರ್ನಾಟಕದಲ್ಲಿ ಅನೇಕರು ತಂಬುಳಿಯ ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಅದು ಸೆಂಟೆಲ್ಲ ಏಷ್ಯಾಟಿಕ: ಉದ್ದ ತೊಟ್ಟು, ಮೂತ್ರಪಿಂಡದ ಆಕಾರದ ಎಲೆ. ಮೇಲಿನ ಪ್ರಯೋಗಗಳ ಗಿಡ ನೀರುಬ್ರಾಹ್ಮಿ, ಬಾಕೋಪ ಮೊನ್ನಿಯೆರಿ: ಎದುರುಬದುರಾಗಿ ದಪ್ಪನೆಯ ಪುಟ್ಟ ಎಲೆಗಳು, ಬಿಳಿ ಇಲ್ಲವೆ ತಿಳಿನೇರಳೆ ಹೂ. ಸಿಂಧನೂರಿನ ಕಡೆ ಕಾಲುವೆಯಂಚು, ಗದ್ದೆಬದುಗಳಲ್ಲಿ ಮಕ್ಕಳೊಂದಿಗೆ ಹುಡುಕಿ ನೋಡಬಹುದು. ಗುಳಿಗೆಯ ಡಬ್ಬಿಯ ಮೇಲೆ ಈ ಎರಡರಲ್ಲಿ ಯಾವ ಹೆಸರಿದೆ ಎಂಬುದನ್ನೂ.