ಅನ್ನ ಬಿಟ್ಟವರ ಕೊಬ್ಬರಿ ಎಣ್ಣೆ

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಇರುತ್ತಿದ್ದುದು ಕನ್ನಡಿಯ ಪಕ್ಕ. ಒಲೆಯ ಪಕ್ಕದ ಜಾಗ ಕಡಲೆಕಾಯಿ ಎಣ್ಣೆಯದು. ಬೆಂಗಳೂರಿನ ದಂಡು ಪ್ರದೇಶದ ಬೆನ್ಸನ್ ಟೌನ್‌ನಲ್ಲಿ ಈ ಲೆಕ್ಕ ಬೇರೆ. ಮಲಯಾಳಿಗಳು, ಮಂಗಳೂರು ಕಡೆಯ ಕ್ಯಾಥೊಲಿಕರು, ತಮಿಳರು, ದಖನಿ ಮಾತಾಡುವ ಮುಸಲ್ಮಾನರು ಅಕ್ಕಪಕ್ಕ ಇರುವ ಕಡೆ ಒಗ್ಗರಣೆಯ ವಾಸನೆ ಮನೆಯಿಂದ ಮನೆಗೆ ಬದಲಾಗುತ್ತದೆ. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ತಲೆಗೋ ಬಾಣಲೆಗೋ ಎಂಬ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಕೇಶತೈಲವೆಂದು ಬರೆದು ಮಾರದಿದ್ದರೆ ಅದು ಖಾದ್ಯ ತೈಲವೇ ಎಂದು 2024ರ ಡಿಸೆಂಬರ್‌ನಲ್ಲಿ ತೀರ್ಪಾಯಿತು.

ಈಗ ಈ ಎಣ್ಣೆ ಲೋ ಕಾರ್ಬ್ ಊಟದ ಬೆನ್ನೇರಿ ಎಲ್ಲರ ಅಡುಗೆಮನೆಗೂ ಬರುತ್ತಿದೆ. ಅನ್ನ ಬಿಡಿ, ಎಣ್ಣೆ ಧಾರಾಳವಾಗಿ ಹಾಕಿ, ಬೆಳಗಿನ ಕಾಫಿಗೂ ಒಂದು ಚಮಚ ಕದಡಿ ಎಂಬುದು ಉಪದೇಶ. ಇದರಲ್ಲಿ ಅರ್ಧ ಸರಿ, ಅರ್ಧ ತಪ್ಪು.

ಅನ್ನ ಇಳಿಸಿ ಎನ್ನುವುದು ಸರಿಯಾದ ಅರ್ಧ. ಭಾರತೀಯರು ಉಣ್ಣುವ ಕ್ಯಾಲರಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಕಾರ್ಬೊಹೈಡ್ರೇಟ್‌ನಿಂದಲೇ ಬರುತ್ತದೆ ಎಂದು ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2025ರಲ್ಲಿ ಹೇಳಿದೆ. ಅನ್ನದ ಬದಲು ರಾಗಿ ಮುದ್ದೆ ಉಂಡು ಕಾರ್ಬ್ ಬಿಟ್ಟೆವೆಂದುಕೊಳ್ಳುವವರೂ ಇದ್ದಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಕಾರ್ಬ್ ಸುಮಾರು 70 ಗ್ರಾಂ ಇದೆ; ರಾಗಿಯಲ್ಲಿ ನಾರು ಹೆಚ್ಚು, ಅಷ್ಟೇ. ಅದೇ ಸಮೀಕ್ಷೆಯ ಇನ್ನೊಂದು ಮಾತನ್ನು ಎಣ್ಣೆಯ ಭಕ್ತರು ಓದಬೇಕು. ಕಾರ್ಬ್‌ನ ಒಂದು ಪಾಲನ್ನು ಬೇಳೆಕಾಳಿನ ಅಥವಾ ಹಾಲು-ಮೊಸರಿನ ಪ್ರೊಟೀನ್‌ಗೆ ಬಿಟ್ಟುಕೊಟ್ಟರೆ ಸಕ್ಕರೆ ಕಾಯಿಲೆಯ ಸಾಧ್ಯತೆ ಕಡಿಮೆ ಕಂಡಿತು. ಕೊಬ್ಬಿಗೆ ಬಿಟ್ಟುಕೊಟ್ಟಾಗ ಆ ಲಾಭ ಕಾಣಲಿಲ್ಲ.

ತಪ್ಪಿನ ಅರ್ಧ ಇಲ್ಲಿಂದ ಶುರು. ಕೊಬ್ಬರಿ ಎಣ್ಣೆಯಲ್ಲಿ ಕಾರ್ಬ್ ಸೊನ್ನೆ, ನಿಜ. ಆದರೆ ಎಲ್ಲ ಎಣ್ಣೆಯಲ್ಲೂ ಸೊನ್ನೆಯೇ. ಡಿಸೆಂಬರ್ ಬೆಳಗ್ಗೆ ಬಾಟಲಿಯೊಳಗೆ ಅದು ಬೆಳ್ಳಗೆ ಹೆಪ್ಪುಗಟ್ಟಿ ಚಮಚ ಇಳಿಯುವುದಿಲ್ಲವಲ್ಲ, ಅದು ಕಲಬೆರಕೆಯಲ್ಲ. ನೂರಕ್ಕೆ ಹೆಚ್ಚುಕಡಿಮೆ 90 ಪಾಲು ಸ್ಯಾಚುರೇಟೆಡ್ ಕೊಬ್ಬಿರುವುದರ ಗುರುತು. ದೊಡ್ಡ ಚಮಚ ಒಂದಕ್ಕೆ ಈ ಕೊಬ್ಬು ಸುಮಾರು 12 ಗ್ರಾಂ. ದಿನಕ್ಕೆ 2,000 ಕ್ಯಾಲರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಸುಮಾರು 22 ಗ್ರಾಂ. ಎರಡು ಚಮಚಕ್ಕೆ ದಿನದ ಖಾತೆ ಮುಗಿಯಿತು. ತುಪ್ಪ, ಹಾಲು, ಮಟನ್, ಚಟ್ನಿಯ ಕಾಯಿ ಇನ್ನೂ ಬಾಕಿ.

ಇದು ಬೇಗ ಉರಿದುಹೋಗುವ ಕೊಬ್ಬು, ಮೈಗೆ ಅಂಟುವುದಿಲ್ಲ ಎಂಬ ವಾದವಿದೆ. ಆ ಗುಣ ಕಂಡದ್ದು ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬು) ಎಂದು ಬೇರ್ಪಡಿಸಿ ಮಾರುವ ಎಣ್ಣೆಯಲ್ಲಿ. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ. ಅದು ದೇಹದೊಳಗೆ ಬಹುಮಟ್ಟಿಗೆ ಉಳಿದ ಕೊಬ್ಬಿನಂತೆಯೇ ನಡೆದುಕೊಳ್ಳುತ್ತದೆ. 16 ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ‘ಸರ್ಕ್ಯುಲೇಶನ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಬೇರೆ ಸಸ್ಯಜನ್ಯ ಎಣ್ಣೆ ಬಳಸಿದವರಿಗಿಂತ ಇದನ್ನು ಬಳಸಿದವರ ಕೆಟ್ಟ ಕೊಲೆಸ್ಟರಾಲ್ ಡೆಸಿಲೀಟರ್‌ಗೆ ಸುಮಾರು 10 ಮಿಲಿಗ್ರಾಂ ಹೆಚ್ಚಿತ್ತು. ಒಳ್ಳೆಯದೂ 4ರಷ್ಟು ಏರಿತ್ತು. ಆ ಏರಿಕೆ ಕೆಟ್ಟದ್ದನ್ನು ಸರಿದೂಗಿಸುತ್ತದೆ ಎನ್ನಲು ಆಧಾರವಿಲ್ಲ.

ಹಾಗಾದರೆ ಕರಾವಳಿಯ ಅಜ್ಜಿಯರು? ಅವರು ಎಣ್ಣೆ ಕುಡಿಯಲಿಲ್ಲ, ಒಗ್ಗರಣೆಗೆ ಹಾಕಿದರು. ಜೊತೆಗಿದ್ದದ್ದು ಕುಚ್ಚಲಕ್ಕಿ ಗಂಜಿ, ಮೀನು, ಮೈಮುರಿಯುವ ಕೆಲಸ. ನಾಲ್ಕು ಜನರ ಅಲಸಂದೆ ಪಲ್ಯಕ್ಕೆ ಎರಡು ಟೀ ಚಮಚ ಸಾಕು. ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಕೆಂಪೇರಿ, ಕರಿಬೇವು ಚಟಪಟ ಎಂದ ಮೇಲೆ ಹೆಚ್ಚಿದ ಅಲಸಂದೆ ಹಾಕಿ, ಉಪ್ಪುದುರಿಸಿ, ನೀರು ಚಿಮುಕಿಸಿ ಮುಚ್ಚಿಟ್ಟರೆ ಬೆಂದೀತು. ಇಳಿಸುವಾಗ ಒಂದು ಹಿಡಿ ಕಾಯಿತುರಿ. ಆ ತುರಿಯ ರುಚಿಯನ್ನು ಎತ್ತಿಕೊಡುವ ಕೆಲಸ ಸೂರ್ಯಕಾಂತಿ ಎಣ್ಣೆಯಿಂದ ಆಗದು. ಮೀನಿನ ಗಸಿ, ಕೋಸಿನ ಪಲ್ಯ, ಮೊಟ್ಟೆಯ ಬುರ್ಜಿಗೂ ಇದು ಹೊಂದುತ್ತದೆ. ದಂಡಿನ ಬಿರಿಯಾನಿಗೆ ಹಾಕಿದರೆ ಮಾತ್ರ ಮಸಾಲೆಯನ್ನೇ ಅಡಗಿಸುತ್ತದೆ. ಇನ್ನು ದುಬಾರಿ ವರ್ಜಿನ್ ಎಣ್ಣೆಯಲ್ಲಿ ಬೋಂಡ ಕರಿಯುವುದು ಶುದ್ಧ ದಂಡ. ಸುಮಾರು 175 ಡಿಗ್ರಿಗೇ ಅದು ಹೊಗೆಯಾಡುತ್ತದೆ.

ಒಟ್ಟಿನಲ್ಲಿ ಕೊಬ್ಬರಿ ಎಣ್ಣೆ ಒಳ್ಳೆಯ ಒಗ್ಗರಣೆ, ಕೆಟ್ಟ ಔಷಧಿ. ತಟ್ಟೆಯಲ್ಲಿ ಅನ್ನ ಬಿಟ್ಟ ಜಾಗಕ್ಕೆ ಹೆಸರುಕಾಳು, ಮೊಸರು, ಮೀನು, ಸೊಪ್ಪು ಬರಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನ ಬಿಡಬೇಡಿ. ಸಕ್ಕರೆ ಹಠಾತ್ತನೆ ಇಳಿದುಬಿಟ್ಟೀತು. ಕಾಫಿಯಂತೂ ಕಾಫಿಯಾಗಿಯೇ ಇರಲಿ.