ಹೊಸ್ತಿಲಿನಿಂದ ನ್ಯಾಯಪೀಠದವರೆಗೆ: ಐದನೆಯ ನಮೂನೆಯ ವಿಮರ್ಶೆ

ಕೌಟುಂಬಿಕ ಹಿಂಸೆಗೆ ತುತ್ತಾದ ಹೆಂಗಸರ ಸಂರಕ್ಷಣೆಗೆಂದು 2005ರಲ್ಲಿ ರಚಿತವಾಗಿ, ಮರುವರ್ಷ ಅಕ್ಟೋಬರ್ 26ರಂದು ಜಾರಿಗೆ ಬಂದ ಅಧಿನಿಯಮದ ನಿಯಮಾವಳಿಯಲ್ಲಿ ‘ಸುರಕ್ಷತಾ ಯೋಜನೆ’ ಎಂಬ ಐದನೆಯ ನಮೂನೆಯೊಂದಿದೆ. ನಡೆದ ಹಿಂಸೆ, ಅದರ ಪರಿಣಾಮ, ಮುಂದೇನಾದೀತೆಂಬ ಭೀತಿ, ಆಗಬೇಕಾದ ರಕ್ಷಣೋಪಾಯ, ನ್ಯಾಯಾಲಯದಿಂದ ಬೇಡುವ ಆಜ್ಞೆ ಎಂಬ ಐದು ಅಂಕಣಗಳುಳ್ಳ ಈ ಪತ್ರದ ಹಿರಿಮೆ ಮೂರನೆಯ ಅಂಕಣದಲ್ಲಿದೆ. ಮೈಮೇಲಿನ ಗಾಯವನ್ನೇ ಪ್ರಮಾಣವೆಂದೆಣಿಸಿ ಬಂದ ವ್ಯವಹಾರದಲ್ಲಿ, ನಾಳೆಯ ಕುರಿತಾದ ಹೆಣ್ಣಿನ ಅಂಜಿಕೆಯೂ ಬರೆದಿಡತಕ್ಕ ಸಂಗತಿಯೆಂದು ಅದು ಒಪ್ಪಿಕೊಂಡಿತು. ಆ ಅಂಕಣವನ್ನು ಅಧಿನಿಯಮದ ಮೇರೆಗೆ ನೇಮಕಗೊಂಡ ಸಂರಕ್ಷಣಾಧಿಕಾರಿ ತುಂಬುವುದಾದರೆ ಆಕೆಯೊಡನೆ ಸಮಾಲೋಚಿಸಿ, ಆಕೆಯ ಸಮ್ಮತಿ ಪಡೆದೇ ತುಂಬತಕ್ಕದ್ದೆಂದು ವಿಧಿಸಿತು.

ಆದರೆ ಈ ಯೋಜನೆಯ ದೃಷ್ಟಿಯೆಲ್ಲ ನ್ಯಾಯಪೀಠದತ್ತ ನೆಟ್ಟಿದೆ. ಮನೆಯ ಹೊಸ್ತಿಲಿಗೂ ಆ ಪೀಠಕ್ಕೂ ನಡುವಣ ದಾರಿಯನ್ನು ಅದು ಕಾಣದು. ಹೆಂಡತಿ ಬಿಟ್ಟುಹೋಗುವಳೆಂಬ ಸುಳಿವು ಹತ್ತಿದಾಗಲೇ ಹೊಡೆಯುವ ಕೈ ಅತ್ಯಂತ ಕ್ರೂರವಾಗಬಲ್ಲದೆಂಬುದು ಈ ಕ್ಷೇತ್ರದಲ್ಲಿ ದುಡಿದವರು ಬಲ್ಲ ಸತ್ಯ. ಹೀಗಿರಲು, ಹೊರಡುವ ದಿನದ ಸಿದ್ಧತೆಯನ್ನೇ ವಿಚಾರಿಸದ ಸುರಕ್ಷತಾ ಯೋಜನೆ ತನ್ನ ಹೆಸರಿಗೆ ಅರ್ಧನ್ಯಾಯವನ್ನಷ್ಟೇ ಸಲ್ಲಿಸಿದಂತಾಯಿತು.

ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿಟ್ಟು ನೋಡಿದರೆ ಈ ಕೊರತೆ ನಿಚ್ಚಳವಾಗುತ್ತದೆ. ಕಪಿಲೆಯ ದಂಡೆಯಿಂದಾಗಲಿ, ಕಾವೇರಿ ಕಪಿಲೆಯರ ಸಂಗಮದಿಂದಾಗಲಿ ಮೈಸೂರು ದೂರವಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ದೆಸೆಯಿಂದ, ಸೆರಗಿನ ತುದಿಯಲ್ಲಿ ಬಿಡಿಗಾಸಿಲ್ಲದವಳೂ ಸರ್ಕಾರಿ ಬಸ್ಸಿನಲ್ಲಿ ಅಲ್ಲಿಗೆ ತಲುಪಬಲ್ಲಳು. ಆದರೆ ಕಂಡಕ್ಟರು ಟಿಕೆಟು ಕೊಡುವ ಮುನ್ನ ಆಧಾರ್‌ನಂಥ ಗುರುತಿನ ಕಾರ್ಡು ಕೇಳುತ್ತಾನೆ. ಆ ಕಾರ್ಡು ಗಂಡನ ಬೀರುವಿನಲ್ಲೋ ಅತ್ತೆಯ ಟ್ರಂಕಿನಲ್ಲೋ ಬೀಗದೊಳಗಿದ್ದರೆ ಸರ್ಕಾರದ ಉಪಕಾರ ಆಕೆಗೆ ಒದಗದು. ಮೇಲಾಗಿ, ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯುಳ್ಳ ಕುಟುಂಬಗಳಲ್ಲಿ ತವರೂ ಗಂಡನ ಮನೆಯೂ ಒಂದೇ ಬಂಧುವರ್ಗವಾಗಿ, ಅವ್ವನ ಮುಂದೆ ತೋಡಿಕೊಂಡ ದುಃಖ ಸಂಜೆಯೊಳಗೆ ಗಂಡನ ಕಿವಿ ಸೇರಬಹುದು. “ಹೊಂದ್ಕೊಂಡು ಹೋಗವ್ವ” ಎಂಬ ಬುದ್ಧಿಮಾತಷ್ಟೇ ಮರಳಿ ಬರಬಹುದು.

ಆದುದರಿಂದ ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದೇ ಸಿದ್ಧತೆಯ ಮೊದಲ ಮೆಟ್ಟಿಲು. ಆಧಾರ್, ಪಾಸ್‌ಬುಕ್, ಮಕ್ಕಳ ಜನನಪತ್ರ, ಆಸ್ಪತ್ರೆಯ ಚೀಟಿಗಳನ್ನು ಒಂದೊಂದಾಗಿ ನಂಬಿಕಸ್ಥ ಗೆಳತಿಯ ಮನೆಗೆ ದಾಟಿಸುವುದು. ಗಂಡ ತಡಕುವ ಮೊಬೈಲಿನಲ್ಲಿ ಗುರುತುಳಿಸದೆ 181, 112 ಎಂಬ ಸಹಾಯವಾಣಿಗಳನ್ನು ಬಾಯಿಪಾಠವಾಗಿಟ್ಟುಕೊಳ್ಳುವುದು. ಜಗಳವೇರಿದಾಗ ಈಳಿಗೆಮಣೆ, ಒಲೆಗಳಿರುವ ಅಡುಗೆಮನೆಯನ್ನು ಬಿಟ್ಟು ಬಾಗಿಲ ಕಡೆಗೆ ಸರಿಯುವುದು. ಹೊರಡುವ ಮಾತನ್ನು ಸಿಟ್ಟಿನ ಭರದಲ್ಲಿ ಆಡದೆ, ಅವನು ಮನೆಯಲ್ಲಿಲ್ಲದ ಹೊತ್ತನ್ನು ಆರಿಸಿಕೊಳ್ಳುವುದು: ವಿವೇಕದ ಸಿದ್ಧತೆಯೆಂದರೆ ಇಷ್ಟು. ಕಾಗದಕ್ಕಾಗಿ ಪ್ರಾಣವನ್ನು ಒತ್ತೆಯಿಡತಕ್ಕದ್ದಲ್ಲ. ಅಪಾಯ ಎರಗಿದಾಗ ಬರಿಗೈಯಲ್ಲಿ ಹೊರಬೀಳುವುದೇ ಸರಿ.

ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಸಂರಕ್ಷಣಾಧಿಕಾರಿಯ ಹೊಣೆಯನ್ನೂ ವಹಿಸಿರುವುದರಲ್ಲಿ ಗುಣದೋಷಗಳೆರಡೂ ಇವೆ. ಮಗುವಿನ ನೆಪದಲ್ಲಿ ಆ ಕಚೇರಿಗೆ ಹೋದ ತಾಯಿಯನ್ನು ಊರು ಸಂಶಯಿಸದು. ಆದರೆ ಅಂಗನವಾಡಿಗಳ ಭಾರ ಹೊತ್ತ ಅಧಿಕಾರಿಗೆ ಒಬ್ಬಳ ಕಥೆಯನ್ನು ಸಾವಧಾನದಿಂದ ಕೇಳುವ ವಿರಾಮ ದುರ್ಲಭ. ಅಧಿನಿಯಮದ ಅತ್ಯುತ್ತಮ ಅಂಶಗಳನ್ನು ಆಕೆಗೆ ತಿಳಿಯಹೇಳಬೇಕಾದವರೂ ಇವರೇ: ಮನೆ ಬಿಟ್ಟ ಮಾತ್ರಕ್ಕೆ 17ನೆಯ ಪ್ರಕರಣ ಕೊಟ್ಟ ವಾಸದ ಹಕ್ಕು ಅಳಿಯದು, 27ನೆಯ ಪ್ರಕರಣದ ಮೇರೆಗೆ ಆಕೆ ತಾತ್ಕಾಲಿಕವಾಗಿ ಆಶ್ರಯ ಪಡೆದ ಊರಿನ ನ್ಯಾಯಾಲಯದಲ್ಲಿಯೇ ಅರ್ಜಿ ಸಲ್ಲಿಸಬಹುದು, ವಕೀಲರ ನೆರವನ್ನು, ಹೆಂಗಸೆಂಬ ಕಾರಣದಿಂದಲೇ, ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ಪಡೆಯಬಹುದು. ನರಸೀಪುರದಿಂದ ಹೊರಟು ಮೈಸೂರು ಸೇರಿದವಳು ಅರ್ಜಿಗೆಂದು ಮತ್ತೆ ನರಸೀಪುರದ ದಾರಿ ಹಿಡಿಯಬೇಕಾಗಿಲ್ಲವೆಂಬ ಈ ಒಂದು ಅರಿವು ಎಷ್ಟೋ ಜನರ ಧೈರ್ಯಕ್ಕೆ ಆಧಾರವಾದೀತು.

ನಮೂನೆಗೆ ಆರನೆಯ ಅಂಕಣವೊಂದು ಸೇರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾಗದಗಳು ಯಾರ ವಶದಲ್ಲಿವೆ, ಯಾವ ಹೊತ್ತಿನ ಬಸ್ಸು, ಮಕ್ಕಳು ಯಾರೊಡನೆ, ಆ ರಾತ್ರಿ ತಂಗುವುದೆಲ್ಲಿ ಎಂದು ಅದು ಕೇಳಲಿ. ಈ ನಾಲ್ಕಕ್ಕೆ ಉತ್ತರವಿಲ್ಲದ ಪತ್ರ ಎಷ್ಟೇ ಕ್ರಮಬದ್ಧವಾಗಿ ತುಂಬಿದ್ದರೂ ಅರ್ಜಿಯೆನಿಸೀತೇ ಹೊರತು ಯೋಜನೆಯೆನಿಸದು.